ಹತ್ತನೆಯ ಡಬ್ಬಿಯ ನೀಲಿ ಆಕಾಶ

ಗೋಡೆಗೆ ಕಟ್ಟಿದ್ದ ಬಿಳಿ ಬೆಡ್‌ಶೀಟಿನ ಮೇಲೆ ಹತ್ತನೆಯ ಡಬ್ಬಿಯ ಮೊದಲ ಸ್ಲೈಡು ಮೂಡಿತು. ನದಿಯ ಮೇಲೆ ಹಾರುತ್ತಿರುವ ಬೆಳ್ಳಕ್ಕಿ. ಹಿಂದೆ ಕಡುನೀಲಿ ಆಕಾಶ.

ನೈರೋಬಿಯ ಲೊರೆಶೋ ಬಡಾವಣೆಯ ಆ ಮನೆಯ ಹಾಲಿನಲ್ಲಿ ಕೂತಿದ್ದವರೆಲ್ಲ ಮೆಚ್ಚಿ ತಲೆಯಾಡಿಸಿದರು. ಹೆಲನ್ ಮಾತ್ರ ಕುರ್ಚಿಯಿಂದ ಎದ್ದಳು.

"ವಿಮಲಕ್ಕ, ಸ್ವಲ್ಪ ನಿಲ್ಲಿಸಿ. ಇದು ಅನಂತಣ್ಣ ತೆಗೆದದ್ದಲ್ಲ."

ಪ್ರೊಜೆಕ್ಟರಿನ ಮೇಲಿದ್ದ ವಿಮಲಾ ಅವರ ಕೈ ಅಲ್ಲೇ ನಿಂತಿತು. ಅವರ ಗಂಡ ಅನಂತ್ ತೀರಿಕೊಂಡು ಎರಡು ತಿಂಗಳಾಗಿತ್ತು. ಯೂನಿವರ್ಸಿಟಿಯಲ್ಲಿ ಫಿಸಿಕ್ಸ್ ಪಾಠ ಹೇಳುತ್ತಿದ್ದವರು, ಹಕ್ಕಿ ಎಂದರೆ ಪ್ರಾಣ ಬಿಡುತ್ತಿದ್ದವರು. ನೈರೋಬಿಯ ಮಂದಿಯೆಲ್ಲ ಮಸಾಯ್ ಮಾರಾಕ್ಕೆ ಹೋಗಿ ಸಿಂಹ ನೋಡಿ ಬಂದರೆ, ಅನಂತ್‌ಗೂ ಅವರ ಇಬ್ಬರು ಗೆಳೆಯರಿಗೂ ಯಾರೂ ಕಾಲಿಡದ ಕಾಡೇ ಆಗಬೇಕು. ಈ ಸಲ, ಎಂಬತ್ತೇಳರ ಜನವರಿಯಲ್ಲಿ, ಆಫ್ರಿಕಾದ ಆ ತುದಿಯಲ್ಲಿರುವ ಬೆನಿನ್ ದೇಶದ ಪೆಂಜಾರಿ ಕಾಡಿಗೆ, ಅಪರೂಪದ ಮೊಸಳೆ ಹಕ್ಕಿಯ ಫೋಟೋಗೆಂದು, ಇಬ್ಬರು ಹೋದರು. ಒಬ್ಬ ವಾಪಸು ಬಂದ. ಅನಂತ್‌ರನ್ನು ಅಲ್ಲೇ ಮಣ್ಣು ಮಾಡಿ ಬಂದಿದ್ದ.

ಬಂದವನು ವಲೇರಿಯನ್. ಎರಡು ವರ್ಷದ ಹಿಂದೆಯೂ ಒಮ್ಮೆ ಅದೇ ಕಾಡಿಗೆ ಹೋಗಿ ಬಂದಿದ್ದ. ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಹಲ್ಲಿನ ಡಾಕ್ಟರು. ಹೆಲನ್‌ಳ ಒಡಹುಟ್ಟಿದ ಅಣ್ಣ.

"ಹೇಗೆ ಹೇಳ್ತೀಯ?" ವಿಮಲಾ ಕೇಳಿದರು.

ಹೆಲನ್ ಪತ್ರಿಕೆಯೊಂದರ ಡಾರ್ಕ್‌ರೂಮಿನ ಮುಖ್ಯಸ್ಥೆ. ಹನ್ನೆರಡು ವರ್ಷದಿಂದ ಇನ್ನೊಬ್ಬರ ಫೋಟೋ ನೋಡುವುದೇ ಅವಳ ಅನ್ನ.

"ಅನಂತಣ್ಣ ಪ್ರತಿ ರೋಲಿನ ಮೊದಲ ಫೋಟೋ ಒಂದು ಚೀಟಿದು ತೆಗೀತಿದ್ರು. ಜಾಗ, ತಾರೀಕು ಬರೆದು. ಒಂದು ರೋಲಿಗೆ ಒಂದು ಡಬ್ಬಿ, ಈವರೆಗಿನ ಒಂಬತ್ತರಲ್ಲೂ ಚೀಟಿ ಉಂಟು. ಇದರಲ್ಲಿಲ್ಲ. ಮತ್ತೆ ಆಕಾಶ ನೋಡಿ. ಜನವರಿಯಲ್ಲಿ ಅಲ್ಲಿ ಸಹಾರಾದ ಧೂಳುಗಾಳಿ. ಒಂಬತ್ತು ಡಬ್ಬಿಯಲ್ಲೂ ಆಕಾಶ ಗಂಜಿ ತಿಳಿಯ ಬಣ್ಣ. ಇಲ್ಲಿ ಮಾತ್ರ ನೀಲಿ."

"ಲ್ಯಾಬಿನವರು ಅದಲು ಬದಲು ಮಾಡಿದ್ದಿರಬೇಕು," ಹಿಂದಿನ ಕುರ್ಚಿಯಿಂದ ವಲೇರಿಯನ್ ಹೇಳಿದ.

ಹೆಲನ್ ಒಂದು ಸ್ಲೈಡು ತೆಗೆದು ದೀಪಕ್ಕೆ ಹಿಡಿದಳು. ರಟ್ಟಿನ ಚೌಕಟ್ಟಿನ ಅಂಚು ಬಿಚ್ಚಿ ಮತ್ತೆ ಅಂಟಿಸಿದ ಹಾಗಿತ್ತು. ಉಗುರಿನಿಂದ ಎಬ್ಬಿಸಿದಳು. ಚೌಕಟ್ಟಿನ ಮೇಲೆ ಲ್ಯಾಬಿನವರು ಒತ್ತಿದ ಸಂಖ್ಯೆ ನಾಲ್ಕು. ಒಳಗಿನ ಫಿಲ್ಮಿನ ಅಂಚಿನಲ್ಲಿ ಮೂವತ್ತೊಂದು. ಎರಡೂ ಒಂದೇ ಇರಬೇಕಿತ್ತು.

"ಲ್ಯಾಬ್ ಅಲ್ಲ. ಚೌಕಟ್ಟು ಅನಂತಣ್ಣನದ್ದೇ. ಒಳಗಿನ ಚಿತ್ರ ಯಾರೋ ಕದ್ದು, ಬೇರೆ ತುಂಬಿಸಿದ್ದಾರೆ."

ವಿಮಲಾ ಆ ಚೌಕಟ್ಟನ್ನು ಅವಳ ಕೈಯಿಂದ ತೆಗೆದುಕೊಂಡರು. "ನಾನು ಅವರ ಮುಖ ಕೂಡ ನೋಡ್ಲಿಲ್ಲ ಹೆಲನ್. ಕೊನೇಲಿ ಅವರ ಕಣ್ಣಿಗೆ ಏನು ಬಿತ್ತು ಅಂತಾದ್ರೂ ನೋಡೋಣ ಅಂತಿದ್ದೆ. ನಂಗಿದ್ದಿದ್ದು ಅದೊಂದೇ."

"ಹುಡುಕಿ ಕೊಡ್ತೇನೆ," ಎಂದಳು ಹೆಲನ್. ಹೇಳುವಾಗ ಅವಳಿಗೆ ತಾನು ಏನು ಮಾತು ಕೊಡುತ್ತಿದ್ದೇನೆಂದು ಗೊತ್ತಿರಲಿಲ್ಲ.

*

ಎಲ್ಲರ ಅನುಮಾನವೂ ಸೂರ್ಯನಾರಾಯಣರ ಮೇಲೆ ಹೋಯಿತು.

ಮೂವರು ಗೆಳೆಯರಲ್ಲಿ ಮೂರನೆಯವರು ಅವರು, ಕೆಮಿಸ್ಟ್ರಿ ಮೇಷ್ಟ್ರು. ರಜೆ ಸಿಗದೆ ಈ ಸಲ ಹೋಗಿರಲಿಲ್ಲ. ಸ್ಪರ್ಧೆಗಳಲ್ಲಿ ಅನಂತ್‌ಗೆ ಮೊದಲ ಬಹುಮಾನ ಬಂದರೆ ಇವರಿಗೆ ಯಾವಾಗಲೂ ಎರಡನೆಯದು. ಅದಕ್ಕಿಂತ ಹೆಚ್ಚಾಗಿ, ಲಂಡನ್ನಿನ ಲ್ಯಾಬಿನಲ್ಲಿ ತೊಳೆದು ಬಂದ ಆ ಸ್ಲೈಡುಗಳ ಪ್ಯಾಕೆಟನ್ನು ವಿಮಲಾ ಅವರ ಕೈಗೆ ತಂದುಕೊಟ್ಟವರೇ ಅವರು.

ನೈರೋಬಿಯಲ್ಲಿ ಟಪಾಲು ಮನೆಬಾಗಿಲಿಗೆ ಬರುವುದಿಲ್ಲ. ಅಂಚೆ ಕಚೇರಿಯಲ್ಲಿ ಪೆಟ್ಟಿಗೆ ಹಿಡಿದಿರಬೇಕು. ಈ ಮೂರು ಮನೆಗಳಿಗೂ ಸೇರಿ ಹೈರಿಡ್ಜಿನಲ್ಲಿ ಒಂದೇ ಪೆಟ್ಟಿಗೆ, ಮೂರು ಬೀಗದ ಕೈ. ವಿಮಲಾ ಗಂಡ ಹೋದ ಮೇಲೆ ಆ ಕಡೆ ತಲೆ ಹಾಕಿರಲಿಲ್ಲ.

"ಸೂರ್ಯನಾರಾಯಣ ಇನ್ನು ನಮ್ಮನೆ ಮೆಟ್ಟಿಲು ಹತ್ತೋದು ಬೇಡ," ಎಂದು ವಿಮಲಾ ಫೋನಿನಲ್ಲಿ ಹೇಳಿಬಿಟ್ಟರು.

ಹೆಲನ್ ಪ್ಯಾಕೆಟಿನ ಹೊದಿಕೆ ಕೇಳಿ ಪಡೆದಳು. ಹಿಂಬದಿಯಲ್ಲಿ ನೈರೋಬಿಯ ಮುದ್ರೆ: ಮಾರ್ಚ್ ಹನ್ನೊಂದು. ಮೇಷ್ಟ್ರು ತಂದುಕೊಟ್ಟಿದ್ದು ಇಪ್ಪತ್ತಕ್ಕೆ. ನಡುವೆ ಒಂಬತ್ತು ದಿನ.

"ನಾನು ಎಂಟನೇ ತಾರೀಕಿಂದ ಕಿಸುಮುನಲ್ಲಿ ಎಕ್ಸಾಮ್ ಡ್ಯೂಟಿ ಕಣಮ್ಮಾ," ಹೆಲನ್ ಕೇಳಿದಾಗ ಸೂರ್ಯನಾರಾಯಣರು ಹೇಳಿದರು. "ಹತ್ತೊಂಬತ್ತಕ್ಕೆ ನೈಟ್ ಬಂದೆ. ಮಾರ್ನೇ ದಿನ ಬಾಕ್ಸ್ ಓಪನ್ ಮಾಡಿದ್ರೆ ಪ್ಯಾಕೆಟ್ ಇತ್ತು. ನೇರ ವಿಮಲಾ ಅವರಿಗೆ ಕೊಟ್ಟೆ. ಅನಂತು ಫೋಟೋ ನಾನು ಕದೀತೀನಾ?"

ಶಾಲೆಗೆ ಫೋನು ಮಾಡಿದಳು. ಮೇಷ್ಟ್ರ ಮಾತು ನಿಜವಾಗಿತ್ತು.

ಅಂಚೆ ಕಚೇರಿಗೂ ಹೋದಳು. ಮುದ್ರೆ ಬಿದ್ದ ದಿನವೇ ಎಲ್ಲ ಟಪಾಲನ್ನೂ ಪೆಟ್ಟಿಗೆಗಳಿಗೆ ಹಂಚುತ್ತೇವೆ ಎಂದ ಅಲ್ಲಿನ ಗುಮಾಸ್ತ. ಅಸಾಂಟೆ ಎಂದು ಧನ್ಯವಾದ ಹೇಳಿ ಹೊರಬಂದು, ಮಟಾಟು ಎಂಬ ಬಾಡಿಗೆ ವ್ಯಾನು ಹತ್ತಿದಳು.

ಹಾಗಾದರೆ ಆ ಒಂಬತ್ತು ದಿನಗಳಲ್ಲಿ ಪೆಟ್ಟಿಗೆ ತೆರೆದವರು ಯಾರು?

ಚಿಲ್ಲರೆಗೆಂದು ಬ್ಯಾಗಿನೊಳಗೆ ಕೈ ಹಾಕಿದಳು. ಮೂಡಬಿದಿರೆಯಿಂದ ಅಮ್ಮ ಬರೆದ ಕಾಗದ ಸಿಕ್ಕಿತು. ಹೋದ ವಾರ, ಹದಿನೈದರ ಭಾನುವಾರ, ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಅಣ್ಣ ಕೊಟ್ಟಿದ್ದ. ಅದೂ ಅದೇ ಪೆಟ್ಟಿಗೆಗೆ ಬರುವ ಕಾಗದ. ತಿರುಗಿಸಿ ನೋಡಿದಳು. ನೈರೋಬಿ ಮುದ್ರೆ, ಮಾರ್ಚ್ ಹನ್ನೊಂದು.

ಚೌಕಟ್ಟಿನ ಅಂಚುಗಳು ನೆನಪಾದವು. ಎಷ್ಟು ಸಣ್ಣ ಬ್ಲೇಡು, ಎಷ್ಟು ಸ್ಥಿರವಾದ ಕೈ. ಹಲ್ಲಿನ ಡಾಕ್ಟರ ಕೈ.

ಅಪ್ಪ ಸತ್ತಾಗ ಹೆಲನ್‌ಗೆ ಒಂಬತ್ತು ವರ್ಷ. ಅವಳನ್ನು ಓದಿಸಿ, ನೈರೋಬಿಗೆ ಕರೆಸಿ, ಕೈಗೆ ಮೊದಲ ಕ್ಯಾಮೆರಾ ಕೊಟ್ಟವನು ಆ ಅಣ್ಣ. ಅವಳು ಇಳಿಯಬೇಕಾದ ನಿಲ್ದಾಣ ದಾಟಿಹೋಯಿತು. ಅವಳು ಅಳುತ್ತಿದ್ದಳು.

*

ಭಾನುವಾರ ಮಧ್ಯಾಹ್ನ ಲೊರೆಶೋದ ಅದೇ ಹಾಲಿನಲ್ಲಿ ನಾಲ್ವರೇ ಇದ್ದರು. ಸೂರ್ಯನಾರಾಯಣರನ್ನು ಹೆಲನ್‌ಳೇ ಒತ್ತಾಯಿಸಿ ಕರೆತಂದಿದ್ದಳು.

ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು. ಮುದ್ರೆಗಳು, ಒಂಬತ್ತು ದಿನ, ಅಮ್ಮನ ಕಾಗದ.

"ಎರಡೂ ಒಂದೇ ದಿನ ಪೆಟ್ಟಿಗೆಗೆ ಬಿದ್ದಿವೆ. ಹದಿನೈದರ ಒಳಗೆ ಪೆಟ್ಟಿಗೆ ತೆಗೆದು ಅಮ್ಮನ ಕಾಗದ ತಂದವನಿಗೆ ಈ ಪ್ಯಾಕೆಟ್ ಕಾಣದೆ ಇರ್ಲಿಕ್ಕಿಲ್ಲ. ಕಂಡೂ ವಿಮಲಕ್ಕನಿಗೆ ತಂದು ಕೊಡ್ಲಿಲ್ಲ. ಬಿಚ್ಚಿದ, ಎರಡು ವರ್ಷದ ಹಿಂದೆ ಮಳೆ ಮುಗಿದ ಕೂಡಲೇ, ಆಕಾಶ ನೀಲಿ ಇರುವಾಗ, ಅದೇ ಕಾಡಿಗೆ ಹೋಗಿದ್ದಾಗಿನ ತನ್ನ ಚಿತ್ರ ತುಂಬಿಸಿದ, ಸೂರ್ಯನಾರಾಯಣ ಸರ್ ಬರುವ ಮೊದಲು ಪೆಟ್ಟಿಗೆಯಲ್ಲಿ ವಾಪಸ್ ಇಟ್ಟ." ಅವಳು ಅಣ್ಣನ ಕಡೆ ತಿರುಗಿದಳು. "ಎಂತಕ್ಕೆ ಅಣ್ಣ?"

ವಲೇರಿಯನ್ ಎದ್ದು, ಕಾರಿನಿಂದ ಒಂದು ಲಕೋಟೆ ತಂದು ಮೇಜಿನ ಮೇಲಿಟ್ಟ.

"ಸುಡ್ಬೇಕು ಅಂತಿದ್ದೆ. ಕೈ ಬರ್ಲಿಲ್ಲ," ಎಂದ. "ಅನಂತನ ಕ್ಯಾಮೆರಾದ ಒಳಗೆ ಒಂದು ರೋಲ್ ಇತ್ತು, ಅದನ್ನೂ ಲಂಡನ್ನಿಗೆ ಕಳಿಸಿದೆ ಅಂತ ವಿಮಲಾ ಹೇಳಿದ ದಿನದಿಂದ ನನಗೆ ನಿದ್ದೆ ಇಲ್ಲ. ಮಲಗಿದಲ್ಲಿಂದ ಅವ ಫೋಟೋ ತೆಗೆದದ್ದು ನನಗೆ ಗೊತ್ತೇ ಇರ್ಲಿಲ್ಲ."

ಸೂರ್ಯನಾರಾಯಣರು ಎದ್ದರು. "ನಾನು ಹೊರಗಿರ್ತೀನಿ ವಿಮಲಾ. ಇದು ನಾನು ನೋಡೋದಲ್ಲ."

"ನನ್ನದು ತಪ್ಪಾಯ್ತು," ಎಂದರು ವಿಮಲಾ. ಮೇಷ್ಟ್ರು ಕೈಯಾಡಿಸಿ, ಪರವಾಗಿಲ್ಲವೆಂಬಂತೆ ಹೊರನಡೆದರು.

ಪರದೆ ಎಳೆದು, ಲಕೋಟೆಯಲ್ಲಿದ್ದ ಫಿಲ್ಮ್ ತುಂಡುಗಳನ್ನು ಹೊಸ ಚೌಕಟ್ಟಿಗೆ ಸೇರಿಸಿ, ಹೆಲನ್ ಪ್ರೊಜೆಕ್ಟರು ಹಚ್ಚಿದಳು.

ಮೊದಲು ಚೀಟಿ. ಅನಂತ್ ಅವರ ದುಂಡಗಿನ ಕನ್ನಡ ಅಕ್ಷರ. ಪೆಂಜಾರಿ, ಜನವರಿ 19, ಜ್ವರ 102.

ಆಮೇಲೆ ಒಂದು ಬಾಗಿಲು. ಮಂಚದಿಂದ ಕಂಡಷ್ಟೇ ಅಂಗಳ. ಟ್ರೈಪಾಡು ಹೆಗಲಿಗೇರಿಸಿ ಜೀಪಿನ ಕಡೆ ಹೊರಟ ವಲೇರಿಯನ್‌ನ ಬೆನ್ನು. ನೀರಿನ ಬೋಗುಣಿಯ ಅಂಚಿಗೆ ಬಂದ ನೀಲಿ ಬಣ್ಣದ ಪುಟ್ಟ ಹಕ್ಕಿ, ಏಳೆಂಟು ಚಿತ್ರಗಳಲ್ಲಿ ಅದೇ ಹಕ್ಕಿ.

ಮತ್ತೆ ಚೀಟಿ. ಜನವರಿ 20, ಜ್ವರ 103. ಮತ್ತೆ ಬಾಗಿಲು, ಬೆನ್ನು, ಜೀಪು ಹೋದ ಮೇಲಿನ ಧೂಳು.

ಮತ್ತೆ ಚೀಟಿ. ಜನವರಿ 21, 104. ಅಕ್ಷರಗಳು ಸಾಲು ಬಿಟ್ಟು ಜಾರಿದ್ದವು. ಮತ್ತೆ ಅದೇ ಬೆನ್ನು. ಒಂದೆರಡು ಅಲುಗಿದ ಚಿತ್ರಗಳು, ಬಾಗಿಲೋ ಆಕಾಶವೋ ತಿಳಿಯದು. ಕೊನೆಗೆ ಇನ್ನೊಂದು ಚೀಟಿ. ಸಂಜೆ 5. ಜೀಪ್ ಇನ್ನೂ ಬಂದಿಲ್ಲ.

ಅದರ ನಂತರ ಬರೀ ಬೆಳಕು.

"ಇಪ್ಪತ್ತೊಂದರ ಸಂಜೆ ಜ್ವರ ಬಂತು, ಆ ಗಳಿಗೇಲೇ ಆಸ್ಪತ್ರೆಗೆ ಹೊರಟೆ ಅಂದಿದ್ರಿ," ಎಂದರು ವಿಮಲಾ. ದನಿ ಏರಲಿಲ್ಲ.

"ಹೋಗು ಅಂದದ್ದು ಅವನೇ. ಬರೀ ಮಲೇರಿಯಾ, ಮಾತ್ರೆ ನುಂಗಿದ್ದೇನೆ, ನಮ್ಮಲ್ಲಿ ಒಬ್ಬನಿಗಾದರೂ ಆ ಮೊಸಳೆ ಹಕ್ಕಿ ಸಿಗಲಿ ಅಂದ. ನಾನು ಹಲ್ಲಿನ ಡಾಕ್ಟರಾದರೂ ಡಾಕ್ಟರೇ. ಕೈ ಮುಟ್ಟಿ ನೋಡಿದ್ದರೆ ತಿಳೀತಿತ್ತು. ನಾನು ಮುಟ್ಟಿ ನೋಡ್ಲಿಲ್ಲ ವಿಮಲಾ. ಮೂರನೇ ದಿನ ಬಂದು ನೋಡುವಾಗ ಅವನಿಗೆ ನನ್ನ ಗುರುತೇ ಇರ್ಲಿಲ್ಲ. ಆಸ್ಪತ್ರೆ ತಲುಪುವಷ್ಟರಲ್ಲಿ ಬೆಳಗಾಯಿತು. ಎಲ್ಲ ಮುಗಿದಿತ್ತು."

ಮಾಡಿನ ಫ್ಯಾನು ತಿರುಗುತ್ತಿತ್ತು. ಹೆಲನ್ ನೆಲ ನೋಡುತ್ತ ಕೂತಿದ್ದಳು. ಅಣ್ಣನ ಮುಖ ನೋಡಿದರೆ ತಾನು ಎದ್ದು ಹೋಗಿ ಅವನ ತಲೆ ಸವರುತ್ತೇನೆಂದು ಅವಳಿಗೆ ಭಯವಾಗಿತ್ತು.

"ಹಕ್ಕಿ ಸಿಕ್ತಾ?" ವಿಮಲಾ ಕೇಳಿದರು.

"ಸಿಕ್ಕಿತು."

"ಯಾವತ್ತು?"

ವಲೇರಿಯನ್ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಉತ್ತರ ಬೆರಳುಗಳ ನಡುವಿನಿಂದ ಬಂತು.

"ಮೊದಲ ದಿನವೇ. ಹತ್ತೊಂಬತ್ತರ ಬೆಳಿಗ್ಗೆ. ಬೆಳಕು ಸರಿ ಇರ್ಲಿಲ್ಲ. ಇನ್ನೊಂದು ಚಂದದ್ದು ಬರ್ಲಿ ಅಂತ ಮತ್ತೆ ಹೋದೆ."

ವಿಮಲಾ ಹೋಗಿ ಬಾಗಿಲು ತೆರೆದು ನಿಂತರು.

"ನೀವು ಹೊರಡಿ ವಲೇರಿಯನ್."

ಅವನು ಎದ್ದ. ಬಾಗಿಲ ಬಳಿ ನಿಂತು ತಂಗಿಯ ಕಡೆ ನೋಡಿದ. ಹೆಲನ್ ಬ್ಯಾಗು ಹಿಡಿದು ಅರ್ಧ ಎದ್ದಿದ್ದಳು. ವಿಮಲಾ ಬೆಡ್‌ಶೀಟಿನ ಮೇಲಿದ್ದ ಖಾಲಿ ಬೆಳಕಿನ ಮುಂದೆ ಬಂದು ಕೂತರು. ಅವರ ಭುಜಗಳು ಅದುರುತ್ತಿದ್ದವು, ಸದ್ದಿರಲಿಲ್ಲ.

ಹೊರಗೆ ಕಾರು ಚಾಲೂ ಆಯಿತು. ತಂಗಿ ಬರುತ್ತಾಳೆಂದು ಅದು ಗೇಟಿನ ಹತ್ತಿರ ಬಹಳ ಹೊತ್ತು ಕಾದು ನಿಂತಿತ್ತು. ಹೆಲನ್ ಬ್ಯಾಗು ಕೆಳಗಿಟ್ಟು, ವಿಮಲಾ ಅವರ ಪಕ್ಕದಲ್ಲಿ ಕೂತಳು.