ಒಂದು ಸ್ಕ್ರೂ ಕೂಡ ಮುಟ್ಟದ ಸೆಟ್ಟು

ಚಂದ್ರನ ಮೇಲೆ ಸೂಜಿ ಬಿದ್ದರೂ ಅದು ಯಾವ ಅಂಗಡಿಯ ಸೂಜಿಯೆಂದು ರೇಡಿಯೊದಲ್ಲಿ ಕೇಳಿಯೇ ಹೇಳಬಲ್ಲವನು ನಾನು. ಅಂಥವನಿಗೇ ಆನ್‌ಲೈನಿನಲ್ಲಿ ಒಬ್ಬ ಹಳೇ ವೈರ್‌ಲೆಸ್ ಸೆಟ್ಟು ಅಂಟಿಸಿದ. "ಒಂದು ಸ್ಕ್ರೂ ಕೂಡ ಮುಟ್ಟಿಲ್ಲ" ಎಂದು ಬರೆದಿದ್ದ.

ಮಟಮಟ ಮಧ್ಯಾಹ್ನ ಹಚ್ಚಿದರೆ, ಸೆಟ್ಟು ಬಿಸಿಯಾಗುವ ಬದಲು ತಣ್ಣಗಾಗುತ್ತಾ ಹೋಯಿತು. ಸ್ಪೀಕರಿನಲ್ಲಿ ಯಾರೋ ಉಸಿರಾಡುತ್ತಿದ್ದರು. ಮಾರಿದವನದೇ ಏನೋ ಕಿತಾಪತಿ ಎಂದು ಅನುಮಾನವಾಗಿ ಬಿಚ್ಚಿದೆ. ಒಳಗೆಲ್ಲ ಹುಣ್ಣಿನಂತೆ ಉಬ್ಬಿದ ಬೆಸುಗೆ, ಟೇಪು ಸುತ್ತಿದ ತಂತಿಗಳು, ಯಾವುದಕ್ಕೂ ಜೋಡಿಸದ ಒಂದು ಸ್ವಿಚ್ಚು.

"ಇದು ಮನೇಲಿದ್ರೆ ನಾನಿರಲ್ಲ ನೋಡ್ರೀ, ವಾಪಸ್ ಕಳಿಸಿ," ಎಂದಳು ಹೆಂಡತಿ.

ಮುಚ್ಚಳ ಹಾಕಿ ಮಾರಿದವನಿಗೆ ಫೋನ್ ಮಾಡಿದೆ.

"ಬಿಚ್ಚಿಲ್ಲ ತಾನೇ ಸಾರ್? ಬಿಚ್ಚಿದ್ರೆ ವಾಪಸ್ ತಗೊಳ್ಳಲ್ಲ."

"ನಾನಾ? ಮೇಲಿನ ಧೂಳು ಕೂಡ ಒರೆಸಿಲ್ಲ ಕಣಯ್ಯ!"

"ಬಿಚ್ಚಿದ್ದಾನೆ," ಎಂದಿತು ಸೆಟ್ಟು.

"ಪಕ್ಕದಲ್ಲಿ ಯಾರು ಸಾರ್ ಅದು?"

ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಇನ್ನು ಬಡಾಯಿ ನಡೆಯುವಂತಿರಲಿಲ್ಲ. ನಿಜ ಒಪ್ಪಿಕೊಂಡೆ. ಬಿಚ್ಚಿದ್ದು ನಾನೇ. ಆ ಉಸಿರು ಕೇಳಲಾರದೆ, ಹೆದರಿ, ಸ್ಪೀಕರನ್ನು ಕಿತ್ತು ತೆಗೆದವನೂ ನಾನೇ.

ಸೆಟ್ಟು ಮಾತಾಡಿದಾಗ ಆ ಸ್ಪೀಕರು ನನ್ನ ಜೇಬಿನಲ್ಲಿತ್ತು.