ಎದೆಗೊಬ್ಬ ಬೈರನ್ನರ್

ಹದಿನೆಂಟು ಎಸೆತ, ಇಪ್ಪತ್ತೊಂಬತ್ತು ರನ್. ಕ್ರೀಸಿನಲ್ಲಿ ನಿಂತ ಹತ್ತೊಂಬತ್ತರ ಹುಡುಗ ನಿಹಾಲ ಬಡಿಗೇರ ಚೂಯಿಂಗ್ ಗಮ್ ಅಗಿಯುತ್ತ ಎದುರಾಳಿ ವಿಕೆಟ್ ಕೀಪರನಿಗೆ ಏನೋ ಹೇಳಿ ನಗುತ್ತಿದ್ದ. ಬೌಂಡರಿ ಗೆರೆಯ ಈಚೆ, ತಗಡಿನ ಚಪ್ಪರದ ಕೆಳಗೆ, ನಲವತ್ತಾರರ ಸಿಂಚನಾ ಹಂಚಿನಮನಿಯ ಎದೆ ನಿಮಿಷಕ್ಕೆ ನೂರೈವತ್ತು ಸಲ ಹೊಡೆದುಕೊಳ್ಳುತ್ತಿತ್ತು. ಬಾಯಿ ಒಣಗಿತ್ತು, ಅಂಗೈ ಬೆವೆತಿತ್ತು. ಹೆದರಿಕೆ ಹುಡುಗನದು, ಪಡುವ ಪಾಡು ಇವಳದು. ಅಯ್ಯೋ, ಎಂಥ ಉದ್ಯೋಗವಪ್ಪಾ ಇದು! ಮೂರು ವರ್ಷದಿಂದ ಅವಳು ಮಾಡಿಕೊಂಡು ಬಂದದ್ದು ಇದನ್ನೇ.

ಅದು ೨೦೫೬ರ ಮಾರ್ಚ್ ತಿಂಗಳು. ಹುಬ್ಬಳ್ಳಿಯ ಮೈದಾನದಲ್ಲಿ ಮೈಸೂರಿನವರ ಎದುರು ಫೈನಲ್ ನಡೆದಿತ್ತು. ನಿಹಾಲ ಮತ್ತು ಸಿಂಚನಾ ಇಬ್ಬರ ಕಿವಿಯ ಹಿಂದೆಯೂ ಬೆರಳುದ್ದದ ಒಂದೊಂದು ಪಟ್ಟಿ ಅಂಟಿತ್ತು. ಅದನ್ನು ಕಂಡುಹಿಡಿದ ಧಾರವಾಡದ ಮಿದುಳು ವಿಜ್ಞಾನಿ ಡಾ. ಕುಷ್ಟಗಿಯವರು ‘ಭಾರವಾಹಕ’ ಎಂದು ಘನವಾದ ಹೆಸರಿಟ್ಟಿದ್ದರು. ಆಟಗಾರರ ಬಾಯಲ್ಲಿ ಅದು ಬೈರನ್ನರ್ ಆಯಿತು. ಓಣಿಯ ಕ್ರಿಕೆಟ್ಟಿನಲ್ಲಿ ಕಾಲು ಉಳುಕಿದವನ ಪರವಾಗಿ ಓಡಲು ಒಬ್ಬ ಬೈರನ್ನರ್ ನಿಲ್ಲುತ್ತಿದ್ದನಲ್ಲ, ಇದು ಎದೆಯ ಪರವಾಗಿ ಓಡುವ ಕೆಲಸ.

ಮಿದುಳಿನ ಆಳದಲ್ಲಿ ಬಾದಾಮಿಯಷ್ಟು ದೊಡ್ಡದೊಂದು ಭಾಗವಿದೆ, ಅಮಿಗ್ಡಲಾ ಎನ್ನುತ್ತಾರೆ. ಅಪಾಯ ಕಂಡರೆ ಮೊದಲು ಕೂಗುವುದು ಅದೇ. ಆ ಕೂಗನ್ನು ಪಟ್ಟಿ ಹಿಡಿದು ಅಡಗಿಸುತ್ತದೆ. ಆದರೆ ಮೊದಮೊದಲು ಬರೀ ಅಡಗಿಸಿ ನೋಡಿದಾಗ ಬ್ಯಾಟ್ಸ್‌ಮನ್ನರು ಮಂಕಾಗಿ, ಬೌಲರ್ ಓಡಿ ಬರುವಾಗ ಆಕಾಶ ನೋಡುತ್ತ ನಿಂತುಬಿಟ್ಟಿದ್ದರು. ಆ ಹೆದರಿಕೆಯನ್ನು ಜೋಡಿ ಪಟ್ಟಿಯ ಮೂಲಕ ಇನ್ನೊಬ್ಬರು ಪೂರ್ತಿ ಪಟ್ಟು, ತಡೆದುಕೊಂಡು, ತಮ್ಮ ಸಮಾಧಾನವನ್ನು ವಾಪಸು ಕಳಿಸಿದರೆ ಮಾತ್ರ ಹುಡುಗರು ಚುರುಕಾಗಿ ಉಳಿಯುತ್ತಿದ್ದರು. ಅದಕ್ಕೆ ಹಳೆಯ ಆಟಗಾರರೇ ಆಗಬೇಕು. ಸಿಂಚನಾ ಒಂದು ಕಾಲಕ್ಕೆ ರಾಜ್ಯದ ಮಹಿಳಾ ತಂಡದಲ್ಲಿ ಆಡಿದವಳು.

ಹೀಗೆ ಅವರು ಹನ್ನೊಂದು ಚೇಸ್ ಗೆದ್ದಿದ್ದರು. ನಿಹಾಲ ಸ್ಕೋರ್ ಬೋರ್ಡಿನ ಕಡೆ ನೋಡುವುದನ್ನೇ ಬಿಟ್ಟಿದ್ದ. ಎಷ್ಟು ಬೇಕು, ಎಷ್ಟು ಉಳಿದಿದೆ ಎಂದು ಬೆರಳು ಮಡಚಿ ಎಣಿಸುವುದು ಸಿಂಚನಾಳ ಪಾಲಿಗೆ ಬಂದಿತ್ತು. ಗೆದ್ದ ದಿನ ಅವನು ಹೋಳಿಗೆ ಹೊಡೆದು ಮಲಗುತ್ತಿದ್ದ, ಇವಳು ಮೂರು ದಿನ ತಲೆ ಹಿಡಿದುಕೊಂಡು ಕೂರುತ್ತಿದ್ದಳು.

ಪಕ್ಕದಲ್ಲೇ ಕೂತಿದ್ದ ಕುಷ್ಟಗಿಯವರು ಕೈಯಲ್ಲಿದ್ದ ಪರದೆಯನ್ನು ಅವಳತ್ತ ತಿರುಗಿಸಿದರು. ಮೂರು ವರ್ಷದ ಪರೀಕ್ಷೆಗಳ ಫಲಿತಾಂಶ ಆ ಮುಂಜಾನೆಯಷ್ಟೇ ಬಂದಿತ್ತು.

“ಹೆದರಿಕೆಗೆ ಲಗಾಮು ಹಾಕೋ ದಾರಿ ಒಂದು ಹಣೀ ಹಿಂದಿಂದ ಅಮಿಗ್ಡಲಾಕ್ಕ ಹೋಗ್ತದ,” ಎಂದರು. “ಹೆದರಿ, ಸಾವರಿಸಿಕೊಂಡ ಪ್ರತಿ ಸಲ ಅದು ಗಟ್ಟಿ ಆಗ್ತದ. ನಿಮ್ಮದು ನೋಡ್ರಿ, ಹಗ್ಗ ಆಗ್ಯದ.”

“ಅವಂದು?”

“ದಾರದ ಎಳಿ. ಹದಿನಾರನೇ ವರ್ಷಕ್ಕ ಎಷ್ಟಿತ್ತೋ ಅಷ್ಟ ಅದ.”

ಸಿಂಚನಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಅಂದ್ರ ಆಡಿದ್ದು ಅವ, ಕಲ್ತಿದ್ದು ನಾನು. ಈಗ ಹೇಳ್ತೀರಲ್ರೀ ಸರ! ಈ ಮಣಕಾಲು ಕಟ್ಕೊಂಡು ನಾ ಇನ್ನ ಯಾವ ಚೇಸ್ ಆಡ್ಲಿ?”

ಇಬ್ಬರಿಗೂ ಒಂದೇ ಚಿಂತೆ. ಬರುವ ತಿಂಗಳು ನಿಹಾಲ ದೇಶದ ಕಿರಿಯರ ತಂಡದ ಜೊತೆ ಇಂಗ್ಲೆಂಡಿಗೆ ಹೊರಟಿದ್ದ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಭಾರವಾಹಕಕ್ಕೆ ಅನುಮತಿಯಿಲ್ಲ. ಹೆದರಿಕೆಯೆಂದರೇನೆಂದು ಮರೆತ ಹುಡುಗ ಅಲ್ಲಿ ಒಬ್ಬನೇ ನಿಲ್ಲಬೇಕು. ಒಂದು ಮ್ಯಾಚ್ ಪಟ್ಟಿ ಇಲ್ಲದೆ ಆಡು ಎಂದು ಸಿಂಚನಾ ಅಂಗಲಾಚಿ ಸಾಕಾಗಿದ್ದಳು. “ಇದೊಂದು ಮ್ಯಾಚ್ ತಡೀರಿ ಅಕ್ಕಾ” ಎಂದು ಅವನು ಇವತ್ತು ಕೂಡ ಹೇಳಿದ್ದ.

ಓವರ್ ಮುಗಿಯುವ ಹೊತ್ತಿಗೆ ಒಂದು ಸಿಕ್ಸರ್, ಒಂದು ಫೋರ್, ಒಂದು ಸಿಂಗಲ್ ಬಂದಿದ್ದವು. ಹನ್ನೆರಡಕ್ಕೆ ಹದಿನೆಂಟು. ಇವನಿಗೆ ನೀರು ಕುಡಿದಷ್ಟು ಸಲೀಸು. ಬೀಳುವುದಾದರೆ ಹುಡುಗ ಇಲ್ಲೇ ಬೀಳಲಿ, ತನ್ನವರ ನಡುವೆ ಬೀಳಲಿ ಎನ್ನಿಸಿತು ಅವಳಿಗೆ. ಅದಕ್ಕಿಂತ ಹೆಚ್ಚಾಗಿ, ಅವಳಿಗೆ ಸಾಕುಸಾಕಾಗಿ ಹೋಗಿತ್ತು. ಕಿವಿಯ ಹಿಂದೆ ಕೈಹಾಕಿ ಪಟ್ಟಿಯನ್ನು ಕಿತ್ತಳು.

“ಏನ್ ಮಾಡ್ಲಿಕ್ಕತ್ತೀರಿ?” ಎಂದು ಕುಷ್ಟಗಿಯವರು ಅರ್ಧ ಎದ್ದರು. ಅಂಪೈರಿಗೆ ಹೇಳಿ ಆಟ ನಿಲ್ಲಿಸಬಹುದಿತ್ತು. ಯಾಕೋ ಮತ್ತೆ ಕೂತರು.

ಒಂದು ಪಟ್ಟಿ ಕಳಚಿದರೆ ಇನ್ನೊಂದೂ ತಾನಾಗಿ ಆರುತ್ತದೆ. ಸಿಂಚನಾಳ ಎದೆ ನಿಧಾನಕ್ಕೆ ತನ್ನ ಲಯಕ್ಕೆ ಬಂತು. ಅಲ್ಲಿ ನಿಹಾಲ ಗಮ್ ಅಗಿಯುವುದನ್ನು ನಿಲ್ಲಿಸಿದ. ಮೂರು ವರ್ಷದಲ್ಲಿ ಮೊದಲ ಸಲ ತಲೆಯೆತ್ತಿ ಸ್ಕೋರ್ ಬೋರ್ಡ್ ನೋಡಿದ.

ಆಮೇಲಿನದನ್ನು ನೋಡಲಾಗಲಿಲ್ಲ. ಗ್ಲೌಸ್ ಬಿಚ್ಚಿದ, ಕಟ್ಟಿದ, ಮತ್ತೆ ಬಿಚ್ಚಿದ. ಎರಡು ಎಸೆತ ಸುಮ್ಮನೆ ಹೋದವು. ಜೊತೆಗಾರ ಹತ್ತಿರ ಬಂದು ಮಾತಾಡಿದರೆ ಕಿವಿಗೇ ಹಾಕಿಕೊಳ್ಳಲಿಲ್ಲ. “ಒಂದು ರನ್ ತಗೊಳ್ಳೋ, ಉಸಿರು ಬಿಡು, ಫೀಲ್ಡರ್ ನೋಡಬ್ಯಾಡ, ಖಾಲಿ ಜಾಗಾ ನೋಡು,” ಎಂದು ಸಿಂಚನಾ ಬಾಯಲ್ಲೇ ಗೊಣಗಿದಳು. ಅಷ್ಟೂ ಅವಳಿಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಕೊನೆಯ ಓವರಿನಲ್ಲಿ ಒಂದು ಫೋರ್ ಹೇಗೋ ಸಿಕ್ಕಿತು. ಮೂರನೇ ಎಸೆತಕ್ಕೆ ಕಣ್ಣು ಮುಚ್ಚಿ ಬೀಸಿದ, ಚೆಂಡು ನೆಟ್ಟಗೆ ಲಾಂಗ್ ಆನ್ ಫೀಲ್ಡರನ ಕೈಗೆ ಹೋಗಿ ಕೂತಿತು. ಉಳಿದ ಮೂರು ಎಸೆತಗಳಲ್ಲಿ ಬೇರೆಯವರು ಒದ್ದಾಡಿದರೂ ಹುಬ್ಬಳ್ಳಿಯವರು ಮೂರು ರನ್ನಿನಿಂದ ಸೋತರು.

ಕೋಚ್ ಬಾಯಿಗೆ ಬಂದಂತೆ ಬೈದು ಹೋದ. ಎಲ್ಲರೂ ಹೋದ ಮೇಲೆ ನಿಹಾಲ ಚಪ್ಪರದ ಮೆಟ್ಟಿಲ ಮೇಲೆ ಕುಸಿದು ಕೂತ. ಕೈಗಳು ಥರಥರ ನಡುಗುತ್ತಿದ್ದವು.

“ಯಾಕ ತಗದ್ರಿ ಅಕ್ಕಾ?”

“ಇಂಗ್ಲೆಂಡಿನ್ಯಾಗ ಮೊದಲನೇ ಸಲ ಹಿಂಗಾಗಬಾರ್ದು ಅಂತ ತಗದೆ,” ಎಂದಳು. ಆಮೇಲೆ ಮುಖ ಒರೆಸಿಕೊಂಡು, “ನನಗ ಸಾಕಾಗಿತ್ತು, ಅದೂ ಖರೇನ ಐತಿ. ತಪ್ಪಾತು, ಕೇಳಿ ತಗೀಬೇಕಿತ್ತು” ಎಂದಳು.

ಅಷ್ಟರಲ್ಲಿ ಬೇಲಿಯಾಚೆಯಿಂದ ನಿಹಾಲನ ತಾಯಿ ಚೈತ್ರಾ ಬಂದಳು. ಬಸ್ ಓಡಿಸುವವಳು, ಪಾಳಿ ಮುಗಿಸಿ ಖಾಕಿ ಅಂಗಿಯಲ್ಲೇ ಓಡಿ ಬಂದಿದ್ದಳು. ಮಗನ ಕೈ ನೋಡಿದಳು, ನೇರ ಸಿಂಚನಾಳ ಮುಂದೆ ನಿಂತಳು.

“ನಿಮಗ ಸಾಕಾಗಿದ್ರ ಬಿಡ್ರಿ. ಅದನ್ನ ನನ್ನ ಕಿವಿಗೆ ಹಚ್ಚರಿ. ನನ್ನ ಮಗಂದು ನಾ ಹೊರ್ತೀನಿ.”

“ಅಷ್ಟು ಸರಳ ಇಲ್ರೀ ಅದು,” ಎಂದರು ಕುಷ್ಟಗಿಯವರು. “ಭಾಳ ರೂಢಿ ಬೇಕಾಗ್ತದ.”

“ರೂಢಿ? ಒಂದನೇ ಕ್ಲಾಸಿನಾಗ ಅವ ಹಾಡು ಹೇಳಾಕ ನಿಂತಾಗಿಂದ ನಾ ಮಾಡಾಕತ್ತಿದ್ದು ಅದನ್ನ ಅಲ್ಲೇನ್ರಿ? ಅವಂದು ಪರೀಕ್ಷೆ ಇದ್ರ ನನಗ ಊಟ ಸೇರಂಗಿಲ್ಲ. ಅವ ಬ್ಯಾಟ್ ಹಿಡದ್ರ ನನ್ನ ಕೈ ನಡಗ್ತಾವ. ಆವಾಗ ನಿಮ್ಮ ಪಟ್ಟಿ ಇನ್ನೂ ಹುಟ್ಟಿರ್ಲಿಲ್ಲ!”

ಕುಷ್ಟಗಿಯವರು ಕೈಯಲ್ಲಿದ್ದ ಪರದೆಯನ್ನು ಆರಿಸಿದರು. ಇಪ್ಪತ್ತು ವರ್ಷ ಹಗಲಿರುಳು ಒದ್ದಾಡಿ ಇದನ್ನು ತಾವೇ ಮೊದಲು ಕಂಡುಹಿಡಿದದ್ದೆಂದು ನಂಬಿದ್ದರು ಪಾಪ.

ಪಟ್ಟಿ ಸಿಂಚನಾಳ ಅಂಗೈಯಲ್ಲೇ ಇತ್ತು. ನಿಹಾಲ ಅದನ್ನೇ ನೋಡುತ್ತಿದ್ದ. ಅವನ ಕೈ ಒಮ್ಮೆ ಅದರತ್ತ ಚಾಚಿತು. ಸಿಂಚನಾ ತಡೆಯಲಿಲ್ಲ, ಕೊಡಲೂ ಇಲ್ಲ. ಅವನು ಕೈ ಹಿಂದಕ್ಕೆ ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡ.

“ಅಕ್ಕಾ, ಇದು ಎಷ್ಟೊತ್ತು ಇರ್ತೈತಿ?”

“ಇವತ್ತು ಉಣ್ಣಾಕ ಮನಸಾಗಂಗಿಲ್ಲ. ನಾಳೆ ಮುಂಜಾನೆ ಹಸಿವಾಗ್ತೈತಿ. ಆಮ್ಯಾಲೆ ಸ್ವಲ್ಪ ಕಡಿಮಿ.”

“ಸಾಯಂಗಿಲ್ಲಲ್ಲ?”

“ಇಲ್ಲೋ ತಮ್ಮಾ. ಹಂಗ ಆಗಿದ್ರ ನಾ ಹನ್ನೊಂದು ಸಲ ಸತ್ತಿರ್ತಿದ್ದೆ.”

ಅವನು ನಕ್ಕನೋ ಬಿಕ್ಕಿದನೋ ಗೊತ್ತಾಗಲಿಲ್ಲ. ಆಮೇಲೆ ತಾಯಿಯ ಕಡೆ ತಿರುಗಿ, “ಅವ್ವಾ, ನೀ ಮನಿಗೆ ನಡಿ. ನಾ ಇಲ್ಲೇ ಸ್ವಲ್ಪ ಹೊತ್ತು ಒಬ್ಬನ ಕುಂತು ಬರ್ತೀನಿ” ಎಂದ.

ಚೈತ್ರಾ ಹೊರಟಳು. ಗೇಟಿನ ತನಕ ಹೋದಳು, ಅಲ್ಲಿಂದ ಮುಂದೆ ಕಾಲು ಏಳಲಿಲ್ಲ. ಕಂಬಿ ಹಿಡಿದುಕೊಂಡು ಮಗನ ಬೆನ್ನು ನೋಡುತ್ತ ನಿಂತಳು. ಬಿಸಿಲು ಇಳಿಯಿತು, ಮೈದಾನದವರು ಸ್ಟಂಪು ಕಿತ್ತು ಒಯ್ದರು. ನಿಹಾಲ ತೊಡೆಯ ಕೆಳಗಿಂದ ಕೈ ತೆಗೆದು ನೋಡಿಕೊಂಡ. ನಡುಕ ನಿಂತಿತ್ತು. ಗೇಟಿನ ಕಂಬಿಯ ಮೇಲಿದ್ದ ಆಕೆಯ ಕೈಗಳು ಮಾತ್ರ ಇನ್ನೂ ನಡುಗುತ್ತಲೇ ಇದ್ದವು.