ಯಾರಿಗೂ ಬೇಡದ ಎಂಜಿನ್

ಗೋವಿಂದರಾಜ ತನ್ನ ಜೀವಮಾನದಲ್ಲಿ ಒಂದೇ ಒಂದು ಗಾಡಿಯನ್ನೂ ಹಿಂದೆ ಹಾಕಿರಲಿಲ್ಲ.

ಹನ್ನೆರಡು ವರ್ಷ ಶಂಕಗಿರಿಯ ಲಾರಿ ಓಡಿಸಿದವನು. ಹತ್ತು ಟನ್ ಹೊತ್ತು ತೊಪ್ಪೂರು ಘಾಟಿ ಹತ್ತುವಾಗ ಬಸ್ಸು, ಕಾರು, ವ್ಯಾನು, ಒಮ್ಮೆ ಮದುವೆ ದಿಬ್ಬಣದ ಟ್ರ್ಯಾಕ್ಟರು ಕೂಡ ಅವನನ್ನು ದಾಟಿಕೊಂಡು ಹೋಗಿತ್ತು. ಯೇರ್ಕಾಡಿನ ಕಾಫಿ ತೋಟದವರೊಬ್ಬರು ಗುಜರಿಗೆ ಹಾಕಲಿದ್ದ ಎರಡು ಸೀಟಿನ ಎಂ.ಜಿ. ಕಾರನ್ನು ಅವನು ತಂದು ಮಾರಂಡಹಳ್ಳಿಯ ಮನೆಯ ಹಿಂದೆ ಹುಣಸೆ ಮರದಡಿ ನಿಲ್ಲಿಸಿದ್ದು ಅದಕ್ಕೇ. ಕಾರು ಸೊಂಟದೆತ್ತರ. ಅದರ ಎಂಜಿನ್ನೂ ಸಣ್ಣದು, ಮುದಿಯಾಗಿತ್ತು. ಅದನ್ನು ಕಿತ್ತು, ಅಪಘಾತವಾದ ಕಾಂಟೆಸ್ಸಾ ಕಾರಿನ ದೊಡ್ಡ ಎಂಜಿನ್ ಕೂರಿಸುವ ಕೆಲಸ ಎರಡು ವರ್ಷದ ಭಾನುವಾರಗಳನ್ನು ತಿಂದಿತ್ತು. ತೊಪ್ಪೂರು ಘಾಟಿಯಲ್ಲಿ ಒಂದೇ ಒಂದು ಲಾರಿಯನ್ನು ಹಿಂದೆ ಹಾಕಬೇಕು. ಅಷ್ಟೇ ಅವನ ಆಸೆ.

ಪೊಂಗಲ್ ಕಳೆದ ಮರುವಾರ, ತೊಂಬತ್ತನಾಲ್ಕನೇ ಇಸವಿ, ಶುಕ್ರವಾರ ಬೆಳಗ್ಗೆ. ಮಂಜು ಹೊಲವನ್ನೆಲ್ಲ ನುಂಗಿತ್ತು. ಗೊಬ್ಬರಕ್ಕೆಂದು ಬೇವಿನ ಮರದ ಬಳಿ ಕೂಡಿದ್ದ ಕುರಿಗಳು ಕಾಣುತ್ತಿರಲಿಲ್ಲ. ಕೆಮ್ಮು, ಗೊರಸಿನ ಸದ್ದು ಮಾತ್ರ. ಕಾರು ಮಂಜಿನ ಮೇಲೆ ತೇಲುತ್ತಿರುವ ಹಾಗಿತ್ತು. ಬುಧವಾರ ಮೊದಲ ಸಲ ಸ್ಟಾರ್ಟ್ ಮಾಡಿದಾಗ ದೊಡ್ಡ ಎಂಜಿನ್ ಹನ್ನೊಂದು ನಿಮಿಷ ಓಡಿತ್ತು. ಆ ಸದ್ದು ಗೋವಿಂದರಾಜನ ಕಿವಿಯಿಂದ ಇನ್ನೂ ಇಳಿದಿರಲಿಲ್ಲ. ಅದನ್ನು ಕೇಳಿಸಿಕೊಳ್ಳುತ್ತಲೇ ಅವನು ಮರದ ಬುಡಕ್ಕೆ ಬಂದ.

ಸಣ್ಣ ಎಂಜಿನ್ ಇಟ್ಟಿದ್ದ ಹಳೇ ಟಯರು ಬರಿದಾಗಿತ್ತು. ಎಣ್ಣೆಯ ಕಲೆಯಷ್ಟೇ ಉಳಿದಿತ್ತು.

"ಶಾಂತೀ, ಹಳೇ ಎಂಜಿನ್ ಎಲ್ಲಿ?"

ಹೆಂಡತಿ ಕಸಬರಿಗೆ ಹಿಡಿದೇ ಬಂದಳು. "ಹೋಯ್ತಾ? ಯಾರೋ ಪುಣ್ಯಾತ್ಮ. ಸಿಕ್ಕಿದ್ರೆ ಹೇಳಿ, ಕಾರನ್ನೂ ಎತ್ಕೊಂಡು ಓಗ್ಲಿ. ಅವನ ಹೆಸರಲ್ಲಿ ಒಂದು ಕಾಯಿ ಒಡೀತೀನಿ."

ಅವನು ನಗಲಿಲ್ಲ. ಕಾರಿನೊಳಗೆ ಹೊಸ ಬ್ಯಾಟರಿ ಇತ್ತು. ಸ್ಪ್ಯಾನರ್ ಪೆಟ್ಟಿಗೆ ಇತ್ತು. ಎಂಜಿನ್ ಎತ್ತಲು ಕೊಂಬೆಗೆ ಕಟ್ಟಿದ್ದ ಚೈನ್ ಬ್ಲಾಕ್ ಇತ್ತು. ಇಷ್ಟನ್ನೂ ಬಿಟ್ಟು ಸತ್ತ ಕಬ್ಬಿಣವನ್ನು ಯಾರು ಹೊತ್ತೊಯ್ದರು?

ಆದರೆ ಆ ಸತ್ತ ಕಬ್ಬಿಣ ಇಲ್ಲದಿದ್ದರೆ ಕಾರು ರಸ್ತೆಗಿಳಿಯುವ ಹಾಗಿರಲಿಲ್ಲ. ಸೋಮವಾರ ಧರ್ಮಪುರಿಯ ಆರ್.ಟಿ.ಓ. ಆಫೀಸಿನಿಂದ ಬ್ರೇಕ್ ಇನ್‌ಸ್ಪೆಕ್ಟರ್ ಬರುವವರಿದ್ದರು. ಹಳೇ ಎಂಜಿನ್ನನ್ನು ಕಣ್ಣಾರೆ ನೋಡಿ, ಅದರ ನಂಬರ್ ಅಳಿಸಿದ ಮೇಲೇ ಆರ್.ಸಿ. ಪುಸ್ತಕದಲ್ಲಿ ಹೊಸ ನಂಬರ್ ಬರೆಯುತ್ತೇನೆ ಎಂದಿದ್ದರು. ಅದೇ ವಾರದ ಕೊನೆಗೆ ಅವರಿಗೆ ವರ್ಗ. ಅವರಿಗಿಂತ ಮುಂಚೆ ಇದ್ದವರು ಅರ್ಜಿ ನೋಡಿ ನಕ್ಕು ವಾಪಸ್ ಕೊಟ್ಟಿದ್ದರು.

ಮೊದಲು ಓಡಿಬಂದವನು ಮುರುಗೇಶ್. ಗೋವಿಂದರಾಜನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು, ಬಸ್ ಸ್ಟ್ಯಾಂಡಿನ ಹತ್ತಿರ ವೆಲ್ಡಿಂಗ್ ಅಂಗಡಿ ಇಟ್ಟವನು. ದೊಡ್ಡ ಎಂಜಿನ್ ಹೊರಲು ಕಾರಿನ ಮುಂಭಾಗಕ್ಕೆ ಕಬ್ಬಿಣದ ಅಡ್ಡಪಟ್ಟಿ ಬೆಸೆದಿದ್ದು ಅವನೇ. ಶಂಕಗಿರಿಯ ಲಾರಿ ಓನರ್‌ಗಳು ಚಾಸಿ ಮುರಿದರೆ ಅವನನ್ನೇ ಹುಡುಕಿ ಬರುತ್ತಿದ್ದರು.

"ಕಾಳಿಯಪ್ಪನ್ ಕೆಲ್ಸ ಇದು," ಅಂದ ಮುರುಗೇಶ್. "ಬುಧವಾರ ಬಂದು ಎಂಜಿನ್ ತಟ್ಟಿ ನೋಡಿ ಓಗಿಲ್ವಾ?"

ಗುಜರಿ ಅಂಗಡಿಯ ಕಾಳಿಯಪ್ಪನ್ ಇಬ್ಬರನ್ನೂ ಕೂರಿಸಿ ಚಹಾ ತರಿಸಿದ. "ಎನಕ್ಕು ಎದುಕ್ಕು ಪಾ? ನನಗ್ಯಾಕೆ ಬೇಕಯ್ಯಾ ಕಳ್ಳತನ? ಮಂಗಳವಾರ ಬಂದು ಎತ್ಕೊಂಡು ಓಗು, ಸುಮ್ನೇ ಕೊಡ್ತೀನಿ ಅಂದೋನು ನೀನೇ ಅಲ್ವಾ ಗೋವಿಂದು? ನಾಲ್ಕು ದಿನ ಕಾಯಕ್ಕಾಗಲ್ವಾ ನನ್ಗೆ?"

ಮಾತು ಸರಿಯಾಗಿತ್ತು. ಗೋವಿಂದರಾಜ ಚಹಾ ಕುಡಿದು ಎದ್ದ. ಮುರುಗೇಶ್ ಮಾತ್ರ ಅಂಗಡಿಯ ಮೂಲೆ ಮೂಲೆ ತಡಕಿದ.

ಶನಿವಾರ ಇಬ್ಬರೂ ಪಾಲಕ್ಕೋಡಿನವರೆಗೆ ಹುಡುಕಿದರು. ಸಂಜೆ ಗೋವಿಂದರಾಜ ಬರಿದಾದ ಟಯರಿನ ಮೇಲೆ ಕೂತು ಘಾಟಿಯ ತಿರುವುಗಳನ್ನು ಒಂದೊಂದಾಗಿ ಮನಸ್ಸಿನಲ್ಲೇ ಹತ್ತಿದ. ಕುರಿಗಳು ಮೇದು ಬೇವಿನ ಮರದ ಕಡೆ ಮರಳುತ್ತಿದ್ದವು. ಧೂಳಿನಲ್ಲಿ ಅವು ನಡೆದಂತಿರಲಿಲ್ಲ, ಹರಿದಂತಿತ್ತು.

"ದೊಡ್ಡಮ್ಮನ್ನ ಕರೆಸಿ," ಅಂದಳು ಶಾಂತಿ. "ಕುರಿ ಹುಡುಕೋರಿಗೆ ಕಬ್ಬಿಣ ಸಿಗಲ್ಲ ಅಂತ ಏನೂ ಇಲ್ಲ."

ದೊಡ್ಡಮ್ಮ ಅಂದರೆ ಯಲ್ಲಮ್ಮ, ಗೋವಿಂದರಾಜನ ತಾಯಿಯ ಅಕ್ಕ. ಸುತ್ತಲ ಏಳು ಹಳ್ಳಿಯಲ್ಲಿ ಕುರಿ ತಪ್ಪಿಸಿಕೊಂಡರೆ ಜನ ಸ್ಟೇಷನ್ನಿಗೆ ಹೋಗುತ್ತಿರಲಿಲ್ಲ, ಅವಳ ಬಾಗಿಲಿಗೆ ಹೋಗುತ್ತಿದ್ದರು. ಭಾನುವಾರ ಬೆಳಗ್ಗೆ ಹೊಲದ ಅಡ್ಡದಾರಿ ಹಿಡಿದು ಬಂದಳು. ಅಂಗಳದಲ್ಲೇ ನಿಂತು, "ಕಾಲಿಗೆ ನೀರು ಕೊಡೇ ಶಾಂತಿ," ಅಂದಳು. ಕಣಕಾಲಿನವರೆಗೆ ಕುರಿಯ ಹಿಕ್ಕೆ ಮೆತ್ತಿತ್ತು. ಎರಡು ಚೊಂಬು ನೀರು ಬೇಕಾಯಿತು.

"ಏನಪ್ಪಾ ಕಳ್ದೋಗಿದ್ದು?"

"ಎಂಜಿನ್ ದೊಡ್ಡಮ್ಮ."

"ತಾನೇ ನಡೀತೈತಾ?"

"ಇಲ್ಲ."

"ತೂಕ?"

"ನೂರು ಕಿಲೋ ಮೇಲೆ."

"ಎರಡು ಮೂರು ಟಗರು. ಇಬ್ರು ಬೇಕು, ಒಂದು ಬಿದಿರು ಬೇಕು. ಗಾಡಿ ಬಂದಿದ್ ಗುರುತು?"

"ಬೀದಿ ಕಡೆ ಒಂದೂ ಇಲ್ಲ," ಅಂದ ಮುರುಗೇಶ್. "ನಾನೇ ನೋಡ್ದೆ."

"ನೀನು ನೋಡ್ದಾ. ಒಳ್ಳೇದು." ಅವಳು ಟಯರಿನ ಸುತ್ತ ಒಂದು ಸುತ್ತು ಬಂದಳು. "ಇದು ಇಲ್ದಿದ್ರೆ ಕಾರು ಓಡಲ್ಲ ಅಂತ ಯಾರ್ಯಾರಿಗೆ ಗೊತ್ತಿತ್ತು?"

"ಓಡುತ್ತೆ. ರಸ್ತೆಗೆ ಬಿಡಲ್ಲ, ಅಷ್ಟೆ. ನನಗೆ ಗೊತ್ತು. ಶಾಂತಿಗೆ ಗೊತ್ತು. ಇವನಿಗೆ ಗೊತ್ತು."

"ಕಾಳಿಯಪ್ಪನ್‌ಗೆ?"

"ಅವನಿಗ್ಯಾಕೆ ಹೇಳ್ಲಿ?"

ಯಲ್ಲಮ್ಮ ಶಾಂತಿಯ ಕಡೆ ತಿರುಗಿದಳು. "ನೀನೇನಾದ್ರೂ ಎತ್ತಿದ್ಯೇನೇ?"

"ನಾನು ಎತ್ತಿದ್ರೆ ಕಾರನ್ನೇ ಎತ್ತುತಿದ್ದೆ ಅತ್ತೆ."

"ನಿಜ. ನಿನ್ಗೆ ಬಾಯೈತೆ. ಬಾಯಿರೋರು ಕದಿಯಲ್ಲ, ಬೈತಾರೆ."

ಆಮೇಲೆ ಅವಳು ಕಾರಿನ ಮೂತಿಯೊಳಗೆ ಬಗ್ಗಿದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು. "ಈ ಪಟ್ಟಿಗೆ ಎರಡು ಗಿಣ್ಣು. ಎಡಗಡೆದು ತುಕ್ಕು ಹಿಡಿದೈತೆ. ಬಲಗಡೆದಕ್ಕೆ ಕರೀ ಬಣ್ಣ. ಯಾರು ಬಳಿದಿದ್ದು?"

"ನಾನು," ಅಂದ ಮುರುಗೇಶ್. "ತುಕ್ಕು ಹಿಡೀಬಾರ್ದು ಅಂತ."

"ಎಡಗಡೆ ಹಿಡಿದ್ರೆ ಪರವಾಯಿಲ್ವಾ?"

"ಬಣ್ಣ ಮುಗೀತು."

ಮರದ ಬುಡದಲ್ಲಿ ಬಣ್ಣದ ಡಬ್ಬಿ ಇತ್ತು. ಯಲ್ಲಮ್ಮ ಕಾಲಿನಿಂದ ಅದನ್ನು ಮೆಲ್ಲಗೆ ಒದ್ದಳು. ಒಳಗೆ ಅರ್ಧ ಡಬ್ಬಿ ಬಣ್ಣ ಕುಲುಕಿತು.

ಮುರುಗೇಶ್ ಡಬ್ಬಿಯನ್ನು ಎತ್ತಿ ಪಕ್ಕಕ್ಕಿಟ್ಟ.

"ಮಂದೆ ಯಾರದು?" ಅವಳು ಹೊಲದ ಕಡೆ ಕೈ ಮಾಡಿದಳು.

"ಪಳನಿಯಪ್ಪನ್‌ದು," ಅಂದ ಗೋವಿಂದರಾಜ. "ಮುರುಗೇಶನ ಸೋದರಮಾವ. ಅದಕ್ಕೂ ಇದಕ್ಕೂ ಏನು?"

"ಹೊಲ ನಿಂದು. ಕಣ್ಣು ಮಾತ್ರ ಕಾರಿನ ಮೇಲೆ. ಮಂದೆ ಯಾಕೆ ಕಟ್ಟಿಸ್ತಾರಪ್ಪಾ? ಹೊಲಕ್ಕೆಲ್ಲ ಗೊಬ್ಬರ ಬೀಳ್ಲಿ ಅಂತ. ಒಂದು ರಾತ್ರಿ ಒಂದು ಜಾಗ. ಬೆಳಗಾದ್ರೆ ತಡಿಕೆ ಕಿತ್ತು ಪಕ್ಕಕ್ಕೆ ಸರಿಸ್ಬೇಕು. ಪಳನಿಯಪ್ಪನ್ ಮೂವತ್ತು ವರ್ಷದಿಂದ ಹಂಗೇ ಮಾಡ್ತಾವ್ನೆ. ಒಂದು ರಾತ್ರಿ ಹಿಕ್ಕೆ ತುಳಿದ್ರೆ ಅಂಗಾಲಿಗೆ ಮೆತ್ತುತೈತೆ. ಇವತ್ತು ನನ್ ಕಾಲು ಎಲ್ಲೀಗಂಟ ಮುಳುಗಿತ್ತು?"

ಗೋವಿಂದರಾಜ ಬೇವಿನ ಮರವನ್ನು ನೋಡಿದ. ಶುಕ್ರವಾರ ಅಲ್ಲೇ ಇತ್ತು ಮಂದೆ. ಶನಿವಾರವೂ ಅಲ್ಲೇ. ಈಗಲೂ ಅಲ್ಲೇ. ಅವನು ಮೂರು ದಿನವೂ ನೋಡಿದ್ದ; ಕನಸಿನಲ್ಲಿ ನೋಡುವ ಹಾಗೆ ನೋಡಿದ್ದ.

"ಮೂರು ರಾತ್ರಿ ಒಂದೇ ಜಾಗ. ಬೇವಿನ ಬುಡದಲ್ಲಿ ನಿಮ್ಮ ತಾತನ ಹಗೇವು ಐತೆ. ರಾಗಿ ತುಂಬೋ ಗುಂಡಿ. ಈಗ ಖಾಲಿ. ಇಬ್ಬರು ಬಿದಿರಿಗೆ ಕಟ್ಟಿ ಹೊತ್ತು ತಂದ್ರು, ಇಳಿಸಿದ್ರು, ಚಪ್ಪಡಿ ಮುಚ್ಚಿದ್ರು, ಮೇಲೆ ಕುರಿ ಕೂಡಿದ್ರು. ಹೆಜ್ಜೆ ಗುರುತೆಲ್ಲ ಕುರಿ ಅಳಿಸಿದ್ವು. ಮಂದೆ ಸರಿಸಿದ್ರೆ ಹೊಸ ಮಣ್ಣು ಕಾಣುತೈತೆ. ಅದಕ್ಕೇ ಸರಿಸಿಲ್ಲ."

"ಯಾಕೆ?" ಗೋವಿಂದರಾಜ ಕೇಳಿದ್ದು ಅವಳನ್ನಲ್ಲ, ಮುರುಗೇಶನನ್ನು.

ಯಲ್ಲಮ್ಮ ಸೊಂಟದಿಂದ ಕುಡುಗೋಲು ತೆಗೆದಳು. "ಸಂತೇಲಿ ಕುರಿ ಮಾರೋನು ಗಾಯದ ಮೇಲೆ ಮಸಿ ಬಳೀತಾನೆ, ಚೆನ್ನಾಗಿರೋ ಕಡೆ ಬಳಿಯಲ್ಲ. ಹೆರೆದು ನೋಡು."

ಗೋವಿಂದರಾಜ ಬಲಗಡೆಯ ಬೆಸುಗೆಯ ಮೇಲಿನ ಬಣ್ಣ ಹೆರೆದ. ಕೂದಲೆಳೆಯಷ್ಟು ಬಿರುಕು. ಅದು ಬೆಸುಗೆಯಿಂದ ಹೊರಟು ಚಾಸಿಯ ತೆಳು ತಗಡಿನೊಳಗೆ ಒಂದು ಗೇಣು ಓಡಿತ್ತು.

"ಬುಧವಾರ ಸ್ಟಾರ್ಟ್ ಮಾಡಿದಾಗ ಬಿಡ್ತು," ಅಂದ ಮುರುಗೇಶ್. ಟಯರಿನ ಮೇಲೆ ಕೂತುಬಿಟ್ಟಿದ್ದ. "ಇನ್ನೊಂದ್ಸಲ ಬೆಸೆದ್ರೂ ಪಕ್ಕದಲ್ಲಿ ಸೀಳುತ್ತೆ. ಈ ಕಾರಿಗೆ ಆ ಎಂಜಿನ್ ಆಗಲ್ಲ ಗೋವಿಂದು. ಆಗಲ್ಲ. ಘಾಟೀಲಿ ಮೂತಿ ಕಳಚ್ಕೊಂಡು ನೀನು ಹಳ್ಳಕ್ಕೆ ಓಗ್ತಿದ್ದೆ."

"ಹೇಳ್ಬಹುದಿತ್ತಲ್ಲಾ?"

"ಹೆಂಗೆ ಹೇಳ್ಲಿ? ಮುರುಗೇಶ್ ಬೆಸೆದ್ರೆ ಕಬ್ಬಿಣ ಬಿಡುತ್ತೆ, ಬೆಸುಗೆ ಬಿಡಲ್ಲ ಅಂತ ಶಂಕಗಿರೀಲೆಲ್ಲ ಹೇಳ್ಕೊಂಡು ತಿರುಗ್ತಿದ್ದೋನು ನೀನು. ಇನ್‌ಸ್ಪೆಕ್ಟರ್ ವರ್ಗ ಆಗೋಗ್ಲಿ, ಕಾರು ಇಲ್ಲೇ ನಿಂತಿರ್ಲಿ, ಭಾನುವಾರ ಭಾನುವಾರ ಏನೋ ಒಂದು ಬಿಚ್ಚಿ ಜೋಡಿಸ್ತಿರಾಣ ಅಂದ್ಕೊಂಡೆ."

"ಟಗರು ಬಿಟ್ಟು ಸತ್ತ ಕುರಿ ಹೊತ್ತೊಯ್ದೋನಿಗೆ ಮಾಂಸ ಬೇಕಿರಲ್ಲ," ಯಲ್ಲಮ್ಮ ಕುಡುಗೋಲು ಒರೆಸಿದಳು. "ಗೋವಿಂದು, ನೀನು ಘಾಟಿಗೆ ಓಗದೇ ಇರೋದು ಬೇಕಿತ್ತು. ಅಷ್ಟೇ ಕತೆ. ಶಾಂತಿ, ರಾಗಿ ಮುದ್ದೆ ಆಯ್ತಾ?"

ಮಧ್ಯಾಹ್ನ ತಡಿಕೆ ಕಿತ್ತು, ಚಪ್ಪಡಿ ಎತ್ತಿದರು. ಪಳನಿಯಪ್ಪನ್ ತಲೆಯ ವಲ್ಲಿ ಬಿಚ್ಚಿ ಹಿಡಿದು ದೂರ ನಿಂತಿದ್ದ. "ಅಳಿಯ ಕೇಳ್ದ, ಮಾಡ್ದೆ," ಅಂದ. ಇಳಿಸುವಾಗ ಹಗ್ಗ ಜಾರಿತ್ತಂತೆ. ಸಣ್ಣ ಎಂಜಿನ್ ಹಗೇವಿನ ತಳದ ಬಂಡೆಯ ಮೇಲೆ ಎರಡು ಹೋಳಾಗಿ ಮಲಗಿತ್ತು. ಮತ್ತೆ ಕಾರಿಗೆ ಕೂರಿಸುವ ಮಾತೇ ಇರಲಿಲ್ಲ.

ಸೋಮವಾರ ಇನ್‌ಸ್ಪೆಕ್ಟರ್ ಬಂದರು. ಬಿರುಕಿನ ಮೇಲೆ ಉಗುರು ಆಡಿಸಿದರು. ಮಜ್ಜಿಗೆ ಕುಡಿದು, ಅರ್ಜಿಯನ್ನು ವಾಪಸ್ ಕೊಟ್ಟು ಹೋದರು.

ಮಂಗಳವಾರ ಗೋವಿಂದರಾಜ ಸಿಮೆಂಟ್ ಹೇರಿದ ಲಾರಿ ಹತ್ತಿದ. ತೊಪ್ಪೂರು ಘಾಟಿಯಲ್ಲಿ ಮಂಜು ಇಳಿದಿತ್ತು. ಹದಿನೇಳು ಗಾಡಿಗಳು ಒಂದೊಂದಾಗಿ ಬಲಗಡೆಯಿಂದ ಬಂದು, ಕೆಂಪು ದೀಪ ತೋರಿಸಿ, ಮಂಜಿನೊಳಗೆ ಕರಗಿದವು. ಅವನು ಎರಡನೇ ಗೇರಿನಲ್ಲೇ ಇದ್ದ. ಮುಂದಿನ ಭಾನುವಾರ ಹುಣಸೆ ಮರದಡಿಗೆ ಮುರುಗೇಶ್ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ.

ಕಳೆದದ್ದು ಇಷ್ಟು: ಸಣ್ಣ ಎಂಜಿನ್ ಒಂದು, ಭಾನುವಾರಗಳು ನೂರ ನಾಲ್ಕು, ಗೆಳೆಯ ಒಬ್ಬ.